ಬಿಳಿ ಹೂ ಕಿತ್ತ ಕೈ

ವಿಗಿಲ್ ಮಾವನಿಗೆ ಇಂದು ಪ್ರಶ್ನೆ ಕೇಳಿದರೆ ಉತ್ತರ ನಾಳೆ ಬರುತ್ತದೆ. ಪೀಠಿಕೆಯಿಲ್ಲ, ನೆನಪಿಸುವ ಗೋಜೂ ಇಲ್ಲ. ಹಸುವನ್ನು ಮಾರಲೇ, ಇಟ್ಟುಕೊಳ್ಳಲೇ ಎಂದು ಶನಿವಾರ ಕೊಟ್ಟಿಗೆಯಲ್ಲಿ ನಾನು ಕೇಳಿದ್ದಕ್ಕೆ ಭಾನುವಾರ ಇಗರ್ಜಿಯ ಬಾಗಿಲಲ್ಲಿ, ಪಾದ್ರಿಗಳ ಕೈ ಹಿಡಿದು ನಿಂತಿದ್ದ ನನ್ನ ಬೆನ್ನಿಗೆ, "ಮಾರ್ಬೇಡ, ಕೆಚ್ಚಲು ಚೆನ್ನಾಗಿದೆ" ಎಂದುಬಿಟ್ಟರು ಪುಣ್ಯಾತ್ಮರು. ಪಾದ್ರಿಗಳು ಬೆಚ್ಚಿ ಕೈ ಬಿಟ್ಟರು.

ನನ್ನ ಹೆಂಡತಿ ಒಟ್ಟಿಲಿಯಾಳ ಚಿಕ್ಕಪ್ಪ ಅವರು. ಆಲ್ಪ್ಸ್‌ನ ನಮ್ಮ ಕಡಿದಾದ ಹುಲ್ಲುಗಾವಲುಗಳಲ್ಲಿ ಐವತ್ತು ವರ್ಷ ಉದ್ದ ಹಿಡಿಯ ಕುಡುಗೋಲು ಬೀಸಿದ ಆ ದೇಹ, ಸಮತಟ್ಟಾದ ರಸ್ತೆಯಲ್ಲೂ ಒಂದು ಕಾಲು ದಿಣ್ಣೆಯ ಮೇಲಿದ್ದಂತೆ ವಾಲಿಕೊಂಡೇ ನಡೆಯುತ್ತದೆ. ಎದೆಯಿಂದ ಮೊಣಕಾಲಿನವರೆಗೆ ನೀಲಿ ಏಪ್ರನ್, ಮದುವೆಗೂ ಅದೇ. ಅದರ ಒಂದು ತುದಿ ಸೊಂಟಕ್ಕೆ ಸಿಕ್ಕಿಸಿದ್ದರೆ ಅಂದು ಕೆಲಸವಿಲ್ಲವೆಂದು ತಿಳಿಯಬೇಕು.

ಜುಲೈ ಬಂತೆಂದರೆ ನಮ್ಮ ಮೇಲುಗಾವಲಿನಲ್ಲಿ ಹೆಬ್ಬೆರಳ ತುದಿಯಷ್ಟು ಗಾತ್ರದ, ವೆನಿಲ್ಲಾ ಘಮದ ಒಂದು ಆರ್ಕಿಡ್ ಅರಳುತ್ತದೆ. ಕಪ್ಪಿಗೆ ಹತ್ತಿರದ ಬಣ್ಣ, ಇದ್ದಿಲುಗುಲಾಬಿ ಎನ್ನುತ್ತೇವೆ. ಆ ಕಪ್ಪಿನ ನಡುವೆ ಅಲ್ಲೊಂದು ಇಲ್ಲೊಂದು ಕೆಂಪು, ಅಪರೂಪಕ್ಕೆ ಬಿಳಿ. ಬಿಳಿಯದು ರೋಗ ಹಿಡಿದ ಕಪ್ಪು, ಬಿಟ್ಟರೆ ಹಬ್ಬುತ್ತದೆ ಎಂಬುದು ಹಿರಿಯರ ಮಾತು. ಉಳಿದವರೆಲ್ಲ ಆ ಮಾತನ್ನು ಕೇಳಿ ಮರೆತರು. ಮಾವ ಮಾತ್ರ ನಿಷ್ಠೆಯಿಂದ ಪಾಲಿಸಿ, ಕಂಡ ಕಂಡ ಬಿಳಿಯನ್ನೆಲ್ಲ ಗೆಡ್ಡೆ ಸಮೇತ ಕೀಳುತ್ತ ಮೂವತ್ತು ಬೇಸಿಗೆ ಕಳೆದರು.

ಮೂರು ವರ್ಷದ ಕೆಳಗೆ ಮೊಣಕಾಲು ಉಳುಕಿ, ಕುಡುಗೋಲು ಹಿಡಿಯಲಾಗದೆ, ಮನೆಯಲ್ಲಿ ಕೂರಲೂ ಆಗದೆ, ಎರಡು ವಾರ ಹುಲ್ಲಿನ ನಡುವೆ ಬೋರಲು ಮಲಗಿದರು. ಮಲಗಿದವರು ನೋಡಿದರು. ಜೇನುಗಳು ಕಪ್ಪನ್ನೇ ಅರಸಿ ಹೋಗುತ್ತಿದ್ದವು; ನೊಣಗಳಿಗೆ ಬಿಳಿಯೇ ಬೇಕು; ಕೆಂಪಿಗೆ ಮಾತ್ರ ಎರಡೂ ಬರುತ್ತಿದ್ದವು. ಬೇಸಿಗೆಯ ಕೊನೆಗೆ ಬೆರಳಲ್ಲಿ ಹಿಚುಕಿ ನೋಡಿದರೆ ಕೆಂಪಿನ ಕಾಯಿಗಳೇ ಹೆಚ್ಚು ತುಂಬಿದ್ದವು.

"ಚಿಕ್ಕಪ್ಪ, ನೊಣ ಎಣಿಸೋಕೆ ಅಷ್ಟು ದೂರ ಯಾಕೆ? ನಮ್ಮ ಕೊಟ್ಟಿಗೆಗೇ ಬನ್ನಿ, ನೆರಳಿದೆ, ಕಾಫಿನೂ ಕೊಡ್ತೀನಿ" ಎಂದು ಒಟ್ಟಿಲಿಯಾ ಚುಡಾಯಿಸಿದಳು.

ಮಾರನೇ ದಿನ ಬಂದರು. "ನಿಮ್ಮ ಕೊಟ್ಟಿಗೆ ನೊಣಕ್ಕೆ ಸಗಣಿ ಸಾಕು ಕಣಮ್ಮ. ಕಾಫಿ ಕೊಡು." ಕುಡಿದು ಲೋಟ ಕೆಳಗಿಟ್ಟವರು, ತಮ್ಮಷ್ಟಕ್ಕೇ ಎಂಬಂತೆ ಹೇಳಿದರು: "ಕಪ್ಪಿಗೂ ಬಿಳಿಗೂ ಹುಟ್ಟಿದ ಮಗುನೇ ಆ ಕೆಂಪು. ನಾನು ತಾಯೀನ ಕಿತ್ಕೊಂಡು ಬಂದಿದೀನಿ."

ಮೇಲುಗಾವಲನ್ನು ನಾವು ಪ್ರತಿ ವರ್ಷ ಚೀಟಿ ಎತ್ತಿ ಪಟ್ಟೆ ಪಟ್ಟೆಯಾಗಿ ಹಂಚಿಕೊಳ್ಳುತ್ತೇವೆ. ಚೀಟಿಯಲ್ಲಿ ಬಂದದ್ದನ್ನು ಬದಲಿಸುವ ರೂಢಿಯಿಲ್ಲ. ಬದಲಿಸಿಕೊಡು ಎನ್ನುವುದೇ ಅವಮಾನ. ಹೋದ ವರ್ಷ, ಬಿಳಿ ಇನ್ನೂ ಉಳಿದಿದ್ದ ಏಕೈಕ ಪಟ್ಟೆ ನನಗೆ ಬಂತು. ಹನ್ನೊಂದು ಬಿಳಿ, ಉದ್ದಗಲಕ್ಕೂ ಚೆದುರಿದ ಕೆಂಪು. ನಾನು ಕುಡುಗೋಲು ಮಸೆಯುತ್ತಿದ್ದಾಗ, ಜನ್ಮದಲ್ಲಿ ಯಾರ ಮುಂದೂ ಕೈ ಚಾಚದ ಮಾವ ಎದುರು ಬಂದು ನಿಂತರು.

"ಅದನ್ನ ಕೊಯ್ಬೇಡಪ್ಪ. ಕಾಯಿ ಒಡೆಯೋವರೆಗೆ ಬಿಡು, ಒಂದು ತಿಂಗಳು."

"ಒಂದು ತಿಂಗಳಿಗೆ ಹುಲ್ಲು ಕಡ್ಡಿಯಾಗುತ್ತೆ ಮಾವ! ಚಳಿಗಾಲದಲ್ಲಿ ನನ್ನ ಹಸುಗಳಿಗೆ ಏನು ಹಾಕ್ಲಿ, ನಿಮ್ಮ ನೊಣಾನಾ?" ನನ್ನ ನಾಲಿಗೆ ಅಲ್ಲಿಗೂ ನಿಲ್ಲಲಿಲ್ಲ. "ಮೂವತ್ತು ವರ್ಷ ಕಿತ್ತೋರು ಯಾರು? ನಾನಾ?"

"ನಾನೇ" ಎಂದು ಹೊರಟುಹೋದರು. ಆ ಒಂದು ಉತ್ತರ ಮಾತ್ರ ನಾಳೆಗೆ ಕಾಯಲಿಲ್ಲ.

ಮಾರನೇ ಬೆಳಗ್ಗೆ ನೋಡಿದರೆ ನನ್ನ ಕೊಟ್ಟಿಗೆಯ ಮುಂದೆ ಹುಲ್ಲಿನ ಗಂಟುಗಳು. ಚೀಟಿಯಲ್ಲಿ ಅವರ ಪಾಲಿಗೆ ಬಂದಿದ್ದ ಕೆಳಗಿನ ಪಟ್ಟೆಯ ಹುಲ್ಲು, ಎರಡು ಬಿಸಿಲು ಕಂಡದ್ದು, ಮೂಗಿಗೆ ಹಿಡಿದರೆ ಚಹಾದಂತೆ ಘಮಿಸುವುದು. ಅಂದು ಉಳುಕಿ ಇನ್ನೂ ಪೂರ್ತಿ ನೆಟ್ಟಗಾಗದ ಕಾಲಲ್ಲಿ, ಬಟ್ಟೆಯಲ್ಲಿ ಕಟ್ಟಿ, ತಲೆಯ ಮೇಲೆ ಹೊತ್ತು ತಂದಿದ್ದರು.

"ಇದು ನಿಂದು. ಮೇಲಿಂದು ನಂದು" ಎಂದರು ಗಂಟುಗಳ ಪಕ್ಕ ನಿಂತಿದ್ದ ಮಾವ.

ನಾಚಿಕೆಯಾಗಲಿಲ್ಲವೇ ಎಂದರೆ, ಆಯಿತು. ಆದರೂ ಹುಲ್ಲನ್ನು ಒಳಗೆ ಹಾಕಿಕೊಂಡೆ. ಅವರು ಕಾಯಿ ಒಡೆಯುವವರೆಗೆ ಕಾದು, ಸೆಪ್ಟೆಂಬರಿನಲ್ಲಿ ಆ ಕಡ್ಡಿಯನ್ನು ಕೊಯ್ದರು. ಆ ಮೇವು ಸಾಲದೆ, ಇದ್ದ ಮೂರು ಹಸುಗಳಲ್ಲಿ ಒಂದನ್ನು ಚಳಿಗಾಲಕ್ಕೆ ಮುನ್ನವೇ ಬೇರೆಯವರಿಗೆ ಬಿಟ್ಟುಕೊಟ್ಟರು. ಹೊಗೆಯಂತೆ ಹಾರಿಹೋದ ಆ ಬೀಜ ಮೊಳೆತು ಹೂ ಬಿಡಲು ವರ್ಷಗಟ್ಟಲೆ ಬೇಕು.

"ಅರಳೋದನ್ನ ನೀವು ನೋಡ್ತೀರಾ ಮಾವ?" ಎಂದೆ.

ಮಾರನೇ ದಿನ ಉತ್ತರ ಬಂತು: "ನೊಣ ನೋಡುತ್ತೆ ಬಿಡೋ."

ತಪ್ಪು ತಿಳಿದಾಗ ಎದೆ ಬಡಿದುಕೊಳ್ಳುವವರು ಲೋಕದಲ್ಲಿ ಬೇಕಾದಷ್ಟು. ತೋರಿಸಿದವರ ಮೇಲೆ ಹರಿಹಾಯುವ ನನ್ನಂಥವರು ಅದಕ್ಕಿಂತ ಹೆಚ್ಚು. ಇನ್ನೊಂದು ಬಗೆಯವರಿದ್ದಾರೆ, ಬೆರಳೆಣಿಕೆಯ ಮಂದಿ: ತಾವು ಹಾಳುಮಾಡಿದ ನೆಲವನ್ನೇ ತಮ್ಮ ಪಾಲೆಂದು ಕೇಳಿ ಪಡೆದು, ಅಲ್ಲಿ ಬೆಳೆದಷ್ಟರಲ್ಲೇ ಬದುಕುವವರು.