ಆಚೆ ದಡ

ಕಸದ ಲಾರಿ ಬೀದಿಯ ತಿರುವು ದಾಟುವಷ್ಟರಲ್ಲಿ ಮಗಳು ಬರಿಗಾಲಲ್ಲೇ ಓಡಿ ಅದನ್ನು ನಿಲ್ಲಿಸಿದಳು. ಹಿಂಬದಿಯಿಂದ ಹತ್ತಿ, ಮಂಡಿಯೂರಿ, ಚೀಲಗಳ ಅಡಿಯಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ಎಳೆಯತೊಡಗಿದಳು. ಮೇಲೆ ಕಸ ಅಂತಲೇ ಬರೆದಿದೆಯಲ್ಲಮ್ಮ ಎಂದು ಲಾರಿಯವನು ಗೊಣಗಿದ. ಬರೆದಿತ್ತು, ಅದೂ ನಿನ್ನೆ ತೀರಿಕೊಂಡ ಅಮ್ಮನ ಗುಂಡು ಅಕ್ಷರದಲ್ಲಿ. ಬಂದವರಿಗೆ ಕೂರಲು ಜಾಗವಾಗಲೆಂದು ಅಮ್ಮನ ಕೋಣೆಯನ್ನು ಚೊಕ್ಕಟ ಮಾಡಿದ ಸೋದರಮಾವ ಬಾಗಿಲಲ್ಲಿ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು.

"ಗೊತ್ತಾಗ್ಲಿಲ್ಲ ಕಣೇ. ಬರೆದಿದ್ದನ್ನ ನಂಬಿದೆ."

"ನಿಮ್ಮ ತಪ್ಪಲ್ಲ ಮಾವ. ಎಲ್ಲರೂ ನಂಬ್ಲಿ ಅಂತಾನೇ ಅವಳು ಬರೆದದ್ದು."

*

ಅಮ್ಮ ಮಕ್ಕಳ ಪುಸ್ತಕಗಳಿಗೆ ಚಿತ್ರ ಮಾಡುತ್ತಿದ್ದಳು. ಬಿಡಿಸುತ್ತಿರಲಿಲ್ಲ, ಕಾಗದ ಹರಿದು ಅಂಟಿಸುತ್ತಿದ್ದಳು. ಹಳೆಯ ಲಕೋಟೆ, ಅಂಗಡಿಯ ಸುತ್ತುಕಾಗದ, ಯಾವುದಾದರೂ ಸರಿ. ಅದಕ್ಕೆ ಬಣ್ಣ ಬಳಿದು, ಹಸಿಯಿರುವಾಗಲೇ ಗೋಣಿತಾಟು ಒತ್ತಿದರೆ ನೆಲ, ಬಾಚಣಿಗೆ ಎಳೆದರೆ ನೀರು. ಕತ್ತರಿಯನ್ನು ಮಾತ್ರ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಮೊದಮೊದಲು ಆ ಕಾಗದಗಳನ್ನಿಡುವ ಪೆಟ್ಟಿಗೆಯ ಮೇಲೆ 'ಒಳ್ಳೆಯ ಕಾಗದ' ಎಂದು ಬರೆದಿದ್ದಳು. ಒಳ್ಳೆಯದು ಎಂದ ಮೇಲೆ ಬಿಡುವವರುಂಟೇ? ಒಬ್ಬರು ಉಡುಗೊರೆ ಸುತ್ತಲು ಒಯ್ದರು, ಇನ್ನೊಬ್ಬರು ಕಪಾಟಿಗೆ ಹಾಸಿದರು, ಇದೇ ಮಗಳು ಶಾಲೆಯ ಪುಸ್ತಕಕ್ಕೆ ಹೊದಿಕೆ ಹಾಕಿಕೊಂಡಳು. ಅಮ್ಮ ಜಗಳ ತೆಗೆಯಲಿಲ್ಲ. ಹೆಸರು ಬದಲಿಸಿದಳು, ಅಷ್ಟೇ. ಆಮೇಲೆ ಇಪ್ಪತ್ತು ವರ್ಷ ಒಬ್ಬರೂ ಅದರತ್ತ ತಿರುಗಿ ನೋಡಲಿಲ್ಲ.

*

ಮೇಜಿನ ಮೇಲೆ ಕೊನೆಯ ಪುಸ್ತಕದ ಕೊನೆಯ ಪುಟವಿತ್ತು. ಆನೆಯೊಂದು ಹೊಳೆಯ ನಡುವೆ ನಿಂತಿದೆ, ಆಚೆ ದಡವಿರಬೇಕಾದಲ್ಲಿ ಬರೀ ಬಿಳಿ. ಮುಖ ನೋಡಲು ಬಂದಿದ್ದ ಪ್ರಕಾಶಕರು ಮಗಳನ್ನು ಪಕ್ಕಕ್ಕೆ ಕರೆದು, ಪುಟಗಳು ನಾಳೆಯೇ ಅಚ್ಚಿಗೆ ಹೋಗಬೇಕು, ಉಳಿದಿದ್ದನ್ನು ಕಂಪ್ಯೂಟರಿನಲ್ಲಿ ತುಂಬಿಸಿಕೊಳ್ಳುತ್ತೇವೆ, ನೀನು ಚಿಂತೆ ಮಾಡಬೇಡ ಎಂದರು.

"ಬೇಡ ಸರ್. ನಾನು ಮಾಡ್ತೀನಿ."

"ಮಾಡಿ ಅಭ್ಯಾಸ ಇದೆಯೇನಮ್ಮ?"

"ಇಲ್ಲ. ಆದ್ರೆ ಅಮ್ಮ ಮನೇಲಿರೋವಾಗ್ಲೇ ಮುಗೀಬೇಕು. ಗಾಡಿ ಬರೋದು ಮೂರಕ್ಕೆ."

ಆಗ ಗಂಟೆ ಒಂದೂಮುಕ್ಕಾಲು. ಹೆಣ ಮನೆಯಲ್ಲಿಟ್ಟುಕೊಂಡು ಅಂಟು ಕಲಸುತ್ತಾಳಲ್ಲ ಎಂದು ಪಡಸಾಲೆಯಲ್ಲಿ ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು. ಬೀಳಲಿ ಎಂದುಕೊಂಡಳು. ಬಾಗಿಲನ್ನೂ ಮುಚ್ಚಲಿಲ್ಲ.

ಮಣ್ಣಿನ ಬಣ್ಣದ ಹಾಳೆಗಳು ಮೂರೇ ಇದ್ದವು. ಮೊದಲನೆಯದು ಸೊಟ್ಟಗೆ ಹರಿದು ಮೂಲೆ ಸೇರಿತು. ಎರಡನೆಯದೂ ಹಾಗೆಯೇ ಹಾಳಾಯಿತು. ಕಲಿಸದೆ ಹೋದಳಲ್ಲ ಎಂದು ಅವಳಿಗೆ ಅಮ್ಮನ ಮೇಲೆ ಸಿಟ್ಟು ಬಂತು. ಆದರೆ ಬಾ, ಕೂತುಕೋ ಎಂದು ಅಮ್ಮ ಕರೆದಾಗಲೆಲ್ಲ ನಾಳೆ ನಾಳೆ ಎಂದವಳು ತಾನೇ. ಅದು ನೆನಪಾದದ್ದೇ ಅಳು ಒತ್ತರಿಸಿತು. ಅತ್ತಳು, ತೋಳಿನಿಂದ ಮುಖ ಒರೆಸಿಕೊಂಡು ಮೂರನೆಯ ಹಾಳೆಗೆ ಕೈ ಹಾಕಿದಳು.

"ತಡಿ," ಎಂದರು ಮಾವ. ಬದುಕೆಲ್ಲ ದರ್ಜಿ ಕೆಲಸ ಮಾಡಿದ ಅವರು ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದರೋ. "ಅಡ್ಡಕ್ಕೆ ಹರೀತಿದ್ದೀಯ. ಬಟ್ಟೆ ಹಾಗೆ ಇದಕ್ಕೂ ಎಳೆ ಇರ್ಬೇಕು. ತಿರುಗಿಸಿ ಹಿಡಿ, ನೋಡೋಣ."

ತಿರುಗಿಸಿದಳು. ಮಾವ ಒಂದು ತುದಿ ಹಿಡಿದುಕೊಂಡರು, ಅವಳು ಇನ್ನೊಂದು ತುದಿಯನ್ನು ಎಳೆದಳು. ಕಾಗದ ಹೇಳಿದ ಹಾಗೆ ಕೇಳಿತು. ಹರಿದ ಅಂಚಿನಲ್ಲಿ ಬಿಳಿಯ ನಾರು ಎದ್ದು, ನೀರು ಮುಟ್ಟಿ ಹೋದ ಮರಳಾಯಿತು. ಇಬ್ಬರೂ ಪಟ್ಟಿ ಪಟ್ಟಿಯಾಗಿ ಹರಿದರು, ಅಂಟಿಸಿದರು.

ಗಾಡಿ ಬಂದಾಗ ಆನೆಗೆ ದಡವಿತ್ತು. ಮಗಳು ಅಂಟುಗೈಯಲ್ಲೇ ಬಂದು ಅಮ್ಮನ ಕೈ ಹಿಡಿದು ಕೂತಳು. ಏಳುವಾಗ, ಅವಳ ಹೆಬ್ಬೆರಳಲ್ಲಿದ್ದ ಮಣ್ಣುಬಣ್ಣದ ಚೂರೊಂದು ಅಮ್ಮನ ಮಣಿಕಟ್ಟಿಗೆ ಅಂಟಿಕೊಂಡಿತು. ತೆಗೆಯಲೆಂದು ಬಾಗಿದ ಮಾವ ಕ್ಷಣ ಹೊತ್ತು ನೋಡಿದರು. ಆಮೇಲೆ ಅದರ ಎದ್ದ ಅಂಚನ್ನು ಬೆರಳಿನಿಂದ ಒತ್ತಿ ಕೂರಿಸಿದರು.