ಇಳಿಯಲೊಲ್ಲದ ಹೊಳೆ

೧

ಬರದ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು? ಬಿರುಕು ಬಿಟ್ಟ ನೆಲದಿಂದ ಎನ್ನುತ್ತೀರಿ ನೀವು. ಪತ್ರಿಕೆಯವರೂ ಹಾಗೇ ಎನ್ನುತ್ತಾರೆ. ಅವರ ಹತ್ತಿರ ಬಿರುಕು ಬಿಟ್ಟ ನೆಲದ ಒಂದೇ ಒಂದು ಫೋಟೋ ಇದೆ, ಪ್ರತಿ ಬರಕ್ಕೂ ಅದನ್ನೇ ಒರೆಸಿ ಒರೆಸಿ ಹಾಕುತ್ತಾರೆ. ಕಥೆಗಾರನೂ ಮೊದಲ ಕರಡಿನಲ್ಲಿ ಅದನ್ನೇ ಮಾಡಿದ:

‘ನೆಲ ಬಾಯಿಬಿಟ್ಟಿತ್ತು. ಆಕೆ ಹಣೆಗೆ ಕೈ ಅಡ್ಡ ಹಿಡಿದು ಆಕಾಶವನ್ನು ದಿಟ್ಟಿಸಿದಳು.’

“ನಾನು ಆಕಾಶ ನೋಡಲ್ಲ ರೀ,” ಎಂದರು ಕಥಾನಾಯಕಿ. “ಅದು ಬೇರೆ ಡಿಪಾರ್ಟ್‌ಮೆಂಟು.”

(ಎರಡನೇ ವಾಕ್ಯಕ್ಕೇ ಪಾತ್ರ ಬಾಯಿ ಹಾಕಿದರೆ ಮುಂದಿನ ಗತಿ ಏನು ಎಂದು ಕಥೆಗಾರನಿಗೆ ಆಗಲೇ ದಿಗಿಲು. ಆದರೆ ಆಕೆ ಹೇಳಿದ್ದು ಸರಿಯಾಗಿತ್ತು. ಕರಡು ಕಸದ ಬುಟ್ಟಿ ಸೇರಿತು.)

೧, ಮತ್ತೊಮ್ಮೆ

ಬರ ನಿಗಾ ಕಚೇರಿ ಇರುವುದು ಮೂರನೇ ಮಹಡಿಯ ಕಾರಿಡಾರಿನ ತುದಿಯಲ್ಲಿ, ಕೆಟ್ಟುಹೋದ ವಾಟರ್ ಕೂಲರ್ ಪಕ್ಕದ ಕೋಣೆಯಲ್ಲಿ. (ಇದು ಸಂಕೇತವಲ್ಲ. ಕೂಲರ್ ನಿಜಕ್ಕೂ ಕೆಟ್ಟಿದೆ.) ಅಲ್ಲಿ ಕೂರುವವರನ್ನು ಎಲ್ಲರೂ ಕರೆಯುವುದು ಬರದ ಮೇಡಂ ಎಂದು. ಯಾರ ಮದುವೆಗೆ ಹೋದರೂ ಎಲೆಯ ಮುಂದೆ ಕೂರುವ ಮೊದಲೇ ಒಬ್ಬರು ಕೇಳಿಯೇ ಕೇಳುತ್ತಾರೆ: “ಮಳೆ ಯಾವಾಗ ಮೇಡಂ?”

“ಬರೋದನ್ನ ಅವರು ಹೇಳ್ತಾರೆ. ಬಂದಿದ್ದು ಎಲ್ಲಿಗೆ ಹೋಯ್ತು ಅನ್ನೋದಷ್ಟೇ ನನ್ನ ಕೆಲಸ.”

ಮೇಡಂ ಹತ್ತಿರ ಮೂವರು ಸಾಕ್ಷಿಗಳಿದ್ದಾರೆ. ಮಳೆ ಮಾಪಕ ಪಕ್ಕದ ಮನೆಯವಳ ಹಾಗೆ: ಆದದ್ದನ್ನು ಆದ ತಕ್ಷಣ ಬೀದಿಗೆಲ್ಲ ಕೇಳುವಂತೆ ಹೇಳಿಬಿಡುತ್ತದೆ. ಹೊಳೆ ಒಂದೆರಡು ದಿನ ಯೋಚಿಸಿ ಹೇಳುತ್ತದೆ. ಬಾವಿ ಮಾತ್ರ ಮನೆಯ ಅಜ್ಜಿ. ಇವತ್ತು ಕೇಳಿದ್ದಕ್ಕೆ ವಾರಗಳ ಮೇಲೆ ಉತ್ತರ. ಆದರೆ ಸುಳ್ಳು ಹೇಳಿದ್ದನ್ನು ಯಾರೂ ಕೇಳಿಲ್ಲ.

ಈ ಮೂವರನ್ನು ವಿಚಾರಿಸಿ ಮೇಡಂ ಪ್ರತಿ ಗುರುವಾರ ಒಂದು ನಕ್ಷೆ ಹೊರಡಿಸುತ್ತಾರೆ. ಕಿತ್ತಳೆ ಬಣ್ಣವಿದ್ದರೆ ಪೈಪು ಹಿಡಿದು ನೀರು ಬಿಡುವಂತಿಲ್ಲ. ತೋಟ, ಕಾರು, ಈಜುಕೊಳ, ಯಾವುದಕ್ಕೂ. ಕೈಯಲ್ಲಿ ಬಕೆಟ್ ಹೊತ್ತು ಹಾಕಿದರೆ ಅಡ್ಡಿಯಿಲ್ಲ. ಮೂವರಲ್ಲಿ ಇಬ್ಬರು ‘ಪರವಾಗಿಲ್ಲ’ ಎಂದರೆ ಕಿತ್ತಳೆ ಹೋಗಿ ಹಳದಿ ಬರುತ್ತದೆ, ಪೈಪುಗಳು ಬಿಚ್ಚಿಕೊಳ್ಳುತ್ತವೆ. ಕಥೆಗೆ ಇಷ್ಟು ವಿಜ್ಞಾನ ಸಾಕು.

“ಸಾಲದು,” ಎಂದರು ಮೇಡಂ. “ಆದರೆ ನಿಮ್ಮಿಂದ ಇಷ್ಟಾಗಿದ್ದೇ ಹೆಚ್ಚು.”

೨

ಈಗ ಮೇಡಂ ಅವರ ಅಕ್ಕ ಬರುತ್ತಾಳೆ. ಮೇಡಂ ಇರುವುದು ಇವಳ ಮನೆಯ ಮಾಳಿಗೆಯ ಮೇಲೆ. ಊರ ಸೇತುವೆಯ ಕೆಳಗೆ, ಹೊಳೆ ದಡದಲ್ಲಿ ಅಕ್ಕನ ನರ್ಸರಿ. (ಅಕ್ಕನಿಗೆ ಏಕವಚನ ಯಾಕೆಂದು ಕೇಳಬೇಡಿ, ಅವಳೇ ಹೇಳಿದ್ದು: “ಬಹುವಚನ ಆಫೀಸಿನವರಿಗೆ ಇಟ್ಕೊಳ್ಳಿ. ಗಿಡಗಳ ಮುಂದೆ ನನಗ್ಯಾಕೆ ಅದೆಲ್ಲ?”)

ಈ ವರ್ಷ ಅವಳು ನರ್ಸರಿಯ ಒಂದಿಡೀ ಚಪ್ಪರದ ತುಂಬ ಕಸಿ ಕಟ್ಟಿದ್ದಾಳೆ. ಒಂದು ಗಿಡದ ಕಾಂಡಕ್ಕೆ ಇನ್ನೊಂದರ ಕುಡಿ ಕೂರಿಸಿ ಪಟ್ಟಿ ಸುತ್ತಿದರೆ ಮುಗಿಯುವ ಕೆಲಸವಲ್ಲ ಅದು. ಗಂಟು ಕೂಡಿಕೊಳ್ಳುವ ಹೊತ್ತಿನಲ್ಲಿ ಬೇರು ಒಣಗಿದರೆ ಎರಡೂ ಒಂದನ್ನೊಂದು ಕೈಬಿಡುತ್ತವೆ. ಈಗ ಅದೇ ಹೊತ್ತು.

ಬೆಳಗ್ಗೆ ಅಡುಗೆಮನೆಯಲ್ಲಿ:

“ಏನೇ, ನಿನ್ನ ನಕ್ಷೆ ಹಳದಿ ಆಗೋದು ಯಾವಾಗ?”

“ಗುರುವಾರ ನೋಡೋಣ.”

“ನೋಡೋಣ ಅನ್ನೋಕೆ ನೀನೇನು ಡಾಕ್ಟರಾ? ಹೋದ ವಾರ ಎರಡು ಸಂಜೆ ಕೊಡೆ ಮುರಿಯೋ ಹಾಗೆ ಹುಯ್ದಿಲ್ವಾ?”

“ಹುಯ್ದಿದೆ.”

“ಮಳೆ ಹುಯ್ದರೆ ಕೇಡಿಲ್ಲ, ಮಗ ಉಂಡರೆ ಕೇಡಿಲ್ಲ ಅಂತಾರೆ. ನಿನ್ನ ಲೆಕ್ಕದಲ್ಲಿ ಮಾತ್ರ ಹುಯ್ದರೂ ಅನುಮಾನ.”

“ಹುಯ್ದಿದ್ದು ನಿನ್ನ ಗಿಡಕ್ಕೂ ಬಿತ್ತಲ್ಲ?”

“ಪ್ಲಾಸ್ಟಿಕ್ ಚಪ್ಪರದ ಕೆಳಗೆ ಮಳೆ ಬೀಳುತ್ತೇನೇ ಪೆದ್ದಿ? ಎಷ್ಟು ಓದಿದರೇನು ಬಂತು. ಇನ್ನು ಹತ್ತು ದಿನ ಬಕೆಟ್ಟಲ್ಲೇ ಹೊತ್ತರೆ ಗಿಡಕ್ಕಿಂತ ಮೊದಲು ನನ್ನ ಸೊಂಟ ಒಣಗುತ್ತೆ.”

(ಇಲ್ಲಿ ಅಕ್ಕನನ್ನು ಸ್ವಲ್ಪ ಸ್ವಾರ್ಥಿ ಮಾಡಿದರೆ ಕಥೆಗೆ ಖಾರ ಬರುತ್ತಿತ್ತು. ಕಥೆಗಾರ ಒಂದು ವಾಕ್ಯ ಬರೆದೂ ನೋಡಿದ. “ನನ್ನನ್ನ ಕೆಟ್ಟವಳು ಮಾಡೋ ಹಾಗಿದ್ರೆ ಹೇಳಿಬಿಡಪ್ಪಾ, ಈಗಲೇ ಎದ್ದು ಹೋಗ್ತೀನಿ,” ಎಂದಳು ಅಕ್ಕ. “ನನಗೆ ನೀರು ಹೊರೋ ಕೆಲಸ ಇದೆ.” ವಾಕ್ಯ ಹೊಡೆದುಹಾಕಲಾಯಿತು.)

೩

ಇಲ್ಲ. ಮೂರರಲ್ಲಿ ಮೇಡಂ ಮತ್ತು ಜೀಪಿನ ಡ್ರೈವರ್ ನಡುವೆ ಒಂದು ಪ್ರೇಮಪ್ರಸಂಗವಿತ್ತು. ಇಬ್ಬರೂ ಒಪ್ಪಲಿಲ್ಲ. ಡ್ರೈವರ್ ಅಂತೂ ಬೇಸರಗೊಂಡು ರಜೆ ಹಾಕಿ ಹೋದ.

೪

ಬುಧವಾರ. ಪರದೆಯ ಮೇಲೆ ಮೂರು ಗೆರೆಗಳು. ಮಳೆ: ಪರವಾಗಿಲ್ಲ. ಹೊಳೆ: ಪರವಾಗಿಲ್ಲ. ಬಾವಿ: ಇನ್ನೂ ಕೆಳಗೇ. ಮೂರರಲ್ಲಿ ಎರಡು. ಕಂಪ್ಯೂಟರು ತಾನೇ ಮುಂದಾಗಿ ಇಡೀ ಊರಿಗೆ ಹಳದಿ ಬಳಿದು ತೋರಿಸಿತ್ತು. ಫೋನಿನಲ್ಲಿ ಸಾಹೇಬರು.

“ಹಳದಿ ತಾನೇ ಮೇಡಂ? ಮೇಲಿನವರಿಗೆ ಹೇಳಿಬಿಟ್ಟೆ. ಎಲ್ಲರಿಗೂ ಖುಷಿ.”

“ಒಂದು ನಿಮಿಷ ಸಾರ್.”

ಮೇಡಂ ಹೊಳೆಯ ಗೆರೆಯನ್ನು ನೋಡುತ್ತಿದ್ದರು. ಸೇತುವೆಯ ಕಂಬಕ್ಕೆ ಕಟ್ಟಿದ ಯಂತ್ರ ನೀರಿನ ಎತ್ತರ ಅಳೆದು ಕಳಿಸುತ್ತದೆ. ಇಷ್ಟು ಎತ್ತರವೆಂದರೆ ಇಷ್ಟು ಹರಿವು ಎಂದು ಮೊದಲೇ ಅಳೆದು ಮಾಡಿಟ್ಟ ಕೋಷ್ಟಕವಿದೆ. ಮಳೆಯಾದ ಮೇಲೆ ಗೆರೆ ಏರಿತ್ತು, ಸರಿ. ಏರಿದ ಹೊಳೆ ಮರುದಿನದಿಂದ ಇಳಿಯಬೇಕು, ಜ್ವರ ಇಳಿದ ಹಾಗೆ. ಇದು ಅರ್ಧ ಇಳಿದು, ಅಲ್ಲಿಂದಾಚೆಗೆ ಟೇಬಲ್ಲಿನ ಹಾಗೆ ಸಪಾಟಾಗಿ ನಿಂತುಬಿಟ್ಟಿತ್ತು.

“ಇಳಿಯದೆ ನಿಂತಿರೋದು ಹೊಳೆ ಅಲ್ಲ ಸಾರ್, ಕೆರೆ,” ಎಂದರು ಮೇಡಂ. “ನೋಡ್ಕೊಂಡು ಬಂದು ಹೇಳ್ತೀನಿ.”

ಓದುಗರೇ, ಇಲ್ಲಿ ಸ್ವಲ್ಪ ನಿಲ್ಲಿ. ಯಂತ್ರ ಹಳದಿ ಎನ್ನುತ್ತಿದೆ. ನಿಯಮ ಹಳದಿ ಎನ್ನುತ್ತಿದೆ. ಸಾಹೇಬರು ಹಳದಿ ಎಂದು ಆಗಲೇ ಸಾರಿಬಿಟ್ಟಿದ್ದಾರೆ. ಮನೆಯಲ್ಲಿ ಒಡಹುಟ್ಟಿದವಳು ಹಳದಿಗಾಗಿ ಕಾಯುತ್ತಿದ್ದಾಳೆ. ಕಥೆಗಾರನಾಗಿದ್ದರೆ ಒಂದು ಗುಂಡಿ ಒತ್ತಿ, ಚಹಾ ಕುಡಿದು, ‘ನಿಸರ್ಗದ ಕರುಣೆ’ ಎಂದು ಒಂದು ಪ್ಯಾರಾ ಬರೆದು ಮಲಗುತ್ತಿದ್ದ. ಮೇಡಂ ಮೇಜಿನ ಕೆಳಗಿನಿಂದ ರಬ್ಬರ್ ಬೂಟು ಎಳೆದುಕೊಂಡರು.

ಯಾಕೆ ಅಷ್ಟು ಹಟ ಎಂದು ಕಥೆಗಾರ ಕೇಳಿದ್ದಕ್ಕೆ ಅವರು ಬೂಟು ಹಾಕಿಕೊಳ್ಳುತ್ತಲೇ ಹೇಳಿದರು: “ಮೇಲಿನ ಬೀದಿಗಳ ಬಾವಿಲಿ ಪಂಪಿನ ಬಾಯಿಂದ ಮೇಲಕ್ಕೆ ಒಂದಾಳು ನೀರು ಉಳಿದಿದೆ. ಈಗ ಪೈಪು ಬಿಚ್ಚಿದ್ರೆ ಮುಂದಿನ ಮಳೆವರೆಗೆ ಅದು ಉಳಿಯಲ್ಲ. ಆಗ ಅವರು ಕುಡಿಯೋದು ನನ್ನ ನಕ್ಷೆನಾ?”

೫

ಡ್ರೈವರ್ ರಜೆ ಹಾಕಿದ್ದರಿಂದ (ಮೂರನ್ನು ನೋಡಿ) ಮೇಡಂ ಬಸ್ಸಿನಲ್ಲಿ ಹೋದರು. ಹರಿವು ಅಳೆಯುವ ಸಲಕರಣೆಯ ಚೀಲ ತೊಡೆಯ ಮೇಲೆ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೊಟ್ಟ.

ಸೇತುವೆಯಿಂದ ಹತ್ತು ಮಾರು ಕೆಳಗೆ, ಹೊಳೆಗೆ ಅಡ್ಡಲಾಗಿ ಒಂದು ಸಾಲು ಕಲ್ಲು. ಸಂದುಗಳಿಗೆ ಹಳೇ ಗೊಬ್ಬರದ ಚೀಲ ತುರುಕಿ ಬಲು ನೀಟಾಗಿ ಕಟ್ಟಿದ್ದು. ಅದರ ಹಿಂದೆ ಸೇತುವೆಯವರೆಗೂ ಒಂದು ತಣ್ಣನೆಯ ಮಡು. ಮಡುವಿನಲ್ಲಿ ಒಂದು ಬಕೆಟ್. ಬಕೆಟ್ಟಿನ ಹಿಡಿಯಲ್ಲಿ ಅಕ್ಕ.

“ಇದೇನಕ್ಕಾ?”

“ಕಲ್ಲು.”

“ಯಾರಿಟ್ಟಿದ್ದು?”

“ಇನ್ಯಾರು? ಬಕೆಟ್ ಮುಳುಗೋಷ್ಟೂ ನೀರಿರಲಿಲ್ಲ, ತಂಬಿಗೇಲಿ ಮೊಗೀಬೇಕಿತ್ತು. ಕೈಲಿ ಹೊರಬಹುದು ಅಂತ ನೀವೇ ಹೇಳಿದ್ದಲ್ವಾ? ಹೊಳೆ ನೀರಿಗೆ ದೊಣೆನಾಯಕನ ಅಪ್ಪಣೆ ಬೇರೆ ಬೇಕಾ?”

ಮೇಡಂ ಸೇತುವೆಯ ಕಂಬ ನೋಡಿದರು, ಕಲ್ಲಿನ ಸಾಲು ನೋಡಿದರು, ಅಕ್ಕನ ಮುಖ ನೋಡಿದರು. ಆಮೇಲೆ ದಡದಲ್ಲಿ ಕೂತು ನಗಲು ಶುರುಮಾಡಿದವರು ಕಣ್ಣಲ್ಲಿ ನೀರು ಬಂದರೂ ನಿಲ್ಲಿಸಲಿಲ್ಲ.

“ಏನಾಯ್ತೇ ನಿನಗೆ?”

“ಹೊಳೆ ಚೇತರಿಸಿಕೊಂಡಿದೆ ಅಂತ ಅಲ್ಲಿ ಇಡೀ ಆಫೀಸು ಖುಷಿಪಡ್ತಿದೆ ಅಕ್ಕಾ. ಚೇತರಿಸಿಕೊಂಡಿರೋದು ನಿನ್ನ ಬಕೆಟ್ಟು.”

ಯಂತ್ರಕ್ಕೆ ಗೊತ್ತಿರುವುದು ಎತ್ತರ ಮಾತ್ರ. ಕೆಳಗೆ ಕಲ್ಲಿಟ್ಟರೆ ಮೇಲೆ ನೀರು ಏರುತ್ತದೆ, ಹರಿವು ಏರುವುದಿಲ್ಲ. ಯಂತ್ರ ಆ ಎತ್ತರವನ್ನು ಕೋಷ್ಟಕಕ್ಕೆ ಕೊಟ್ಟಿತು, ಕೋಷ್ಟಕವೋ, ಇಲ್ಲದ ಹೊಳೆಯೊಂದನ್ನು ನಕ್ಷೆಗೆ ಕೊಟ್ಟಿತು. ನೀರಿಲ್ಲವೆಂದು ಕಟ್ಟಿದ ಕಟ್ಟೆಯೇ ನೀರಿದೆ ಎಂದು ಸಾಕ್ಷಿ ಹೇಳಿತ್ತು. (ಇಂಥದ್ದನ್ನು ಕಥೆಗಾರ ತಾನಾಗಿ ಕಟ್ಟಿದ್ದರೆ ವಿಮರ್ಶಕರು ಅತಿಯಾಯಿತು ಎನ್ನುತ್ತಿದ್ದರು.)

ಹೊಳೆಯ ಹರಿವು ಅಳೆಯಲು ಇಬ್ಬರು ಬೇಕು. ಒಬ್ಬರು ನೀರಿಗಿಳಿಯಬೇಕು, ಇನ್ನೊಬ್ಬರು ಆಚೆ ದಡದಲ್ಲಿ ಅಳತೆ ಟೇಪಿನ ತುದಿ ಹಿಡಿದು ನಿಲ್ಲಬೇಕು. ಅಕ್ಕ ಸೀರೆ ಎತ್ತಿ ಸಿಕ್ಕಿಸಿ ಆಚೆ ದಡಕ್ಕೆ ಹೋದಳು. ಮೇಡಂ ಮೊಣಕಾಲುದ್ದ ನೀರಲ್ಲಿ ನಿಂತು, ಕೋಲಿನ ತುದಿಯ ಪುಟ್ಟ ಚಕ್ರವನ್ನು ಮುಳುಗಿಸಿದರು. ನೀರು ತಳ್ಳಿದಷ್ಟು ಚಕ್ರ ತಿರುಗಬೇಕು, ತಿರುಗಿದಷ್ಟು ಸಲ ಪೆಟ್ಟಿಗೆ ಟಿಕ್ ಎನ್ನಬೇಕು.

ಟಿಕ್.

ಅಕ್ಕ ಕಾದಳು.

ಟಿಕ್.

“ಅಷ್ಟೇನಾ?”

“ಅಷ್ಟೇ.”

“ಇನ್ನೊಂದು ಸಲ ನೋಡು.”

ಮೇಡಂ ಒಂದೊಂದು ಹೆಜ್ಜೆ ಸರಿದು ದಡದಿಂದ ದಡಕ್ಕೆ ನೋಡಿದರು. ಅಳೆದೂ ಸುರಿದೂ ನೋಡಿದರು. ಪರದೆ ಹೇಳಿದ್ದರ ಅರ್ಧವೂ ಹೊಳೆಯಲ್ಲಿರಲಿಲ್ಲ.

“ಹಾಗಾದ್ರೆ ಹಳದಿ ಇಲ್ಲ.”

“ಇಲ್ಲ ಅಕ್ಕ.”

“ನಾನು ಟೇಪು ಬಿಟ್ಟುಬಿಟ್ಟಿದ್ರೆ?”

“ಬೇರೆ ಯಾರ ಕೈಲಾದ್ರೂ ಹಿಡಿಸ್ತಿದ್ದೆ.”

ಅಕ್ಕ ಸ್ವಲ್ಪ ಹೊತ್ತು ಚಪ್ಪರದ ಕಡೆ ನೋಡಿದಳು. ಟೇಪು ಅವಳ ಕೈಯಲ್ಲೇ ಇತ್ತು, ಬಿಗಿಯಾಗಿ, ಸ್ವಲ್ಪವೂ ಜೋಲದೆ. ಕಥೆಗಾರ ಈ ಕಥೆ ಬರೆಯಲು ಹೊರಟದ್ದು ಮೇಡಂ ಅವರನ್ನು ಮೆಚ್ಚಿ. ಜೋಲದ ಆ ಟೇಪಿಗೆ ಎರಡು ತುದಿ ಇದೆಯೆಂದು ಅವನಿಗೆ ಹೊಳೆದದ್ದು ಇಲ್ಲಿ.

“ಕಲ್ಲು?”

“ತೆಗೀಬೇಕು. ಇಲ್ಲಾಂದ್ರೆ ಯಂತ್ರ ನಾಳೆನೂ ಸುಳ್ಳು ಹೇಳುತ್ತೆ.”

ಅಕ್ಕ ಎಲ್ಲಕ್ಕಿಂತ ದೊಡ್ಡ ಕಲ್ಲನ್ನು ಕಿತ್ತು ಬದಿಗೆ ಎಸೆದಳು. ನೀರು ಚಿಮ್ಮಿ ಮೇಡಂ ಅಡಿಯಿಂದ ಮುಡಿಯವರೆಗೆ ಒದ್ದೆಯಾದರು. ಅದು ಬೇಕೆಂದೇ ಮಾಡಿದ್ದು. (“ಕೈ ಜಾರಿತು,” ಎನ್ನುತ್ತಾಳೆ ಅಕ್ಕ. ಓದುಗರು ತೀರ್ಮಾನಿಸಲಿ.)

೬

ಕಚೇರಿಗೆ ಫೋನು:

“ಎಲ್ಲರಿಗೂ ಹಳದಿ ಅಂತ ಹೇಳಿಬಿಟ್ಟಿದ್ದೀನಲ್ಲ ಮೇಡಂ!”

“ಹೇಳಿದ್ದು ನೀವು ಸಾರ್. ಹೊಳೆ ಹೇಳಿಲ್ಲ.”

ಗುರುವಾರದ ನಕ್ಷೆ ಕಿತ್ತಳೆಯಾಗಿಯೇ ಹೊರಟಿತು. ಊರು ಬೈದುಕೊಂಡಿತು. ಅಕ್ಕ ನಕ್ಷೆಯನ್ನು ನೋಡಲೂ ಇಲ್ಲ. ಟೇಪು ಹಿಡಿದವಳಿಗೆ ನಕ್ಷೆ ಯಾಕೆ?

ಇನ್ನು ಮುಗಿಸುವುದು ಹೇಗೆ? ಕಥೆಗಾರ ಮೂರು ಬಗೆ ಮಾಡಿಟ್ಟ.

ಅ) ಕಸಿಗಳೆಲ್ಲ ಒಣಗುತ್ತವೆ. ಅಕ್ಕ ತಂಗಿಯರು ಮಾತು ಬಿಡುತ್ತಾರೆ. ಒಂದೇ ಮನೆ, ಎರಡು ಒಲೆ. (“ಒಲೆ ಯಾಕೆ ಎರಡು? ಗ್ಯಾಸು ಯಾರು ತರ್ತಾರೆ?” ಎಂದಳು ಅಕ್ಕ.)

ಆ) ಧೋ ಎಂದು ಮಳೆ. ಇಬ್ಬರೂ ಅಂಗಳದಲ್ಲಿ ತೋಯುತ್ತ ನಗುತ್ತಾರೆ. (“ಬೇರೆ ಡಿಪಾರ್ಟ್‌ಮೆಂಟು,” ಎಂದರು ಮೇಡಂ.)

ಇ) ಊರವರೆಲ್ಲ ಸಾಲುನಿಂತು ಬಕೆಟ್ ದಾಟಿಸಿ ಗಿಡಗಳನ್ನು ಉಳಿಸುತ್ತಾರೆ. (ಅಕ್ಕ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಥೆಗಾರನಿಗೆ ನಾಚಿಕೆಯಾಯಿತು.)

ನಡೆದದ್ದು ಇಷ್ಟು: ಆ ವಾರವೆಲ್ಲ ಮೇಡಂ ಕೆಲಸ ಮುಗಿಸಿ ಸೀದಾ ನರ್ಸರಿಗೆ ಹೋಗುತ್ತಿದ್ದರು. ಅಕ್ಕ ತಂಬಿಗೆಯಲ್ಲಿ ಮೊಗೆದು ತುಂಬುವಳು, ಮೇಡಂ ಹೊರುವರು. ದಾರಿಯುದ್ದಕ್ಕೂ ಬೈಗುಳ. “ಚೆಲ್ಲಬೇಡ್ವೇ, ನಿನ್ನ ಸರ್ಕಾರದ ನೀರಾ ಅದು?” ಕೆಲವು ಕಸಿಗಳ ಎಲೆ ಸುರುಳಿಯಾಯಿತು. ಕೆಲವು ನೆಟ್ಟಗಿದ್ದವು. ಗಂಟು ಕೂಡಿದೆಯೋ ಇಲ್ಲವೋ ಪಟ್ಟಿ ಬಿಚ್ಚದೆ ತಿಳಿಯುವುದಿಲ್ಲ, ಬಿಚ್ಚಿದರೆ ಕೂಡುವುದಿಲ್ಲ.

೭

ಮತ್ತೆ ಬುಧವಾರ. ಬಸ್ ಡಿಪೋ ಹಿಂದೆ ಕಚೇರಿಯ ಅಳತೆ ಬಾವಿ ಇದೆ. ಬಾವಿ ಎಂದರೆ ಗೇಣಗಲದ ಕೊಳವೆ, ಮೇಲೊಂದು ಮುಚ್ಚಳ, ಅದಕ್ಕೊಂದು ಬೀಗ. ಇವತ್ತು ಅಕ್ಕ ಕರೆಯದೆಯೇ ಬಂದಿದ್ದಾಳೆ.

“ಹೋದ ವಾರ ಬಾವಿ ಕೆಳಗಿತ್ತು ಅಂದ್ಯಲ್ಲ, ಇವತ್ತು ಹೆಂಗೆ ಮೇಲೆ ಬಂದೀತು?”

“ಆವತ್ತು ಹುಯ್ದ ಮಳೆ ಇನ್ನೂ ಮಣ್ಣೊಳಗೆ ದಾರೀಲಿದೆ ಅಕ್ಕ. ನಡ್ಕೊಂಡು ಬರುತ್ತೆ. ಬಂದಿದ್ದರೆ, ಮಳೆ ಒಂದು ಬಾವಿ ಒಂದು, ಮೂರರಲ್ಲಿ ಎರಡಾಯ್ತು. ನಾಳೆ ನಿನ್ನ ಪೈಪು ಬಿಚ್ಕೋ.”

“ಬಂದಿಲ್ಲದಿದ್ರೆ?”

“ಬಕೆಟ್ಟು ನಾನು ಹೊರ್ತೀನಿ.”

ಮೇಡಂ ಟೇಪು ಇಳಿಬಿಡಲು ಶುರುಮಾಡಿದರು. ಅದರ ತುದಿಯ ಲೋಹದ ಕಡ್ಡಿ ನೀರು ಮುಟ್ಟಿದ ಕ್ಷಣ ಮೇಲಿನ ರಾಟೆ ಕೀಂ ಎನ್ನುತ್ತದೆ. ಟೇಪಿಗೆ ಒಂದು ಕಡೆ ಕೆಂಪು ದಾರ ಕಟ್ಟಿದೆ. ದಾರ ಕೊಳವೆಯ ಬಾಯಿಗೆ ಬರುವ ಮೊದಲೇ ಕೀಂ ಎಂದರೆ ಹಳದಿ. ದಾರ ಒಳಗಿಳಿದ ಮೇಲೆ ಎಂದರೆ ಕಿತ್ತಳೆ.

ಅಕ್ಕ ಕೊಳವೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟಳು.

“ಮುಟ್ತಾ?”

“ಸುಮ್ಮನಿರು.”

ಕೆಂಪು ದಾರ ರಾಟೆಯಿಂದ ಹೊರಬಂತು. ಕಥೆಗಾರನಿಗೆ ತಡೆಯಲಾಗಲಿಲ್ಲ. ಇವರಿಬ್ಬರಿಗೆ ಇಷ್ಟೂ ಮಾಡದಿದ್ದರೆ ಕಥೆ ಬರೆದೇನು ಪ್ರಯೋಜನ ಎಂದು ಪೆನ್ನೆತ್ತಿ ‘ಕೀ’ ಎಂದು ಬರೆದ. ಸೊನ್ನೆ ಸುತ್ತುವಷ್ಟರಲ್ಲಿ ಮೇಡಂ ತಲೆಯೆತ್ತಿದರು.

“ರೀ ಕಥೆಗಾರರೇ, ಅದನ್ನ ಅಳಿಸಿ. ಅದು ನೀವು ಅನ್ನಿಸೋದಲ್ಲ, ನೀರು ಅನ್ನಬೇಕು.”

“ಅಳಿಸಪ್ಪಾ,” ಎಂದಳು ಅಕ್ಕ. “ಸುಳ್ಳು ನೀರಿಗೆ ಗಿಡ ಬದುಕಲ್ಲ.”

ಅಳಿಸಿದ್ದಾನೆ. ಟೇಪು ಇಳಿಯುತ್ತಿದೆ. ದಾರಕ್ಕೂ ಕೊಳವೆಯ ಬಾಯಿಗೂ ಮೊಳದಷ್ಟು ಅಂತರವಿದೆ. ಡಿಪೋದಲ್ಲಿ ಯಾರೋ ಬಸ್ಸಿನ ಎಂಜಿನ್ ಆರಿಸಿದರು. ಓದುಗರೇ, ನೀವೂ ಒಂದಿಷ್ಟು ಪುಟದ ಸದ್ದು ಮಾಡದೆ ಇರಿ, ಅವರಿಗೆ ಕೇಳಿಸಬೇಕು.