ಮರಕ್ಕೆ ಔಷಧಿ

ಕೊನೆಯಿಂದ ಎರಡನೆಯ ಸಾಲಿನವರೆಗೆ ಓದಬಹುದು, ಕೊನೆಯದು ಮಾತ್ರ ಇರುವೆ ಸಾಲು, ಅಷ್ಟು ಸಣ್ಣದಾಗಿ ಬರೆದು ಯಾರಿಗೆ ಏನು ಮಾರುವುದಕ್ಕಾಗುತ್ತದೆ, ಜಾಹೀರಾತಿನ ಬೋರ್ಡಿನ ಮೇಲೆ ಒಂದು ಕೈಯ ಬೆರಳುಗಳಿಗಿಂತ ಹೆಚ್ಚು ಪದ ಬೇಡ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು — ಅವಳು ಕನ್ನಡಕದಂಗಡಿಯ ಬೆಂಚಿನ ತುದಿಯಲ್ಲಿ ಕುಳಿತು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತಾ, ಮುಗಿದರೆ ಎದುರಿನ ಕನ್ನಡಿಗಳಲ್ಲಿ ತನ್ನ ಮುಖವನ್ನೇ ನೋಡಬೇಕಾಗುತ್ತದೆಂದು ಮತ್ತೆ ಮೇಲಿನಿಂದ ಓದುತ್ತಾ, ಒಳಗಿನ ಕೋಣೆಯಲ್ಲಿ ಅಂಗಡಿಯ ಯಜಮಾನರು ಯಾರದೋ ಕಣ್ಣು ಪರೀಕ್ಷೆ ಮಾಡುತ್ತಿದ್ದಾರೆ, ಈಗ ಹೇಗೆ, ಈಗ, ಈಗ ಮೊದಲಿಗಿಂತ ಚೆನ್ನಾಗಿದೆಯಾ, ಒಂದೇ ರಾಗ, ತೊಟ್ಟಿಲು ತೂಗುವವರ ಹಾಗೆ, ನಿದ್ದೆ ಬರುತ್ತದೆ ಕೇಳುತ್ತಿದ್ದರೆ — ಕೌಂಟರಿನಲ್ಲಿ ಅವರ ಸೊಸೆ ಮೆತ್ತನೆಯ ಬಟ್ಟೆಯಿಂದ ಗಾಜು ಒರೆಸುತ್ತಾ ತಲೆಯೆತ್ತಿ ನಕ್ಕಳು, ಆ ಕಣ್ಣು, ಅದೇ ಕಣ್ಣು, ಕನ್ನಡಕ ಹಾಕಿಸಿ ಫೋಟೊ ತೆಗೆದು ಬಾಗಿಲಿನಷ್ಟು ದೊಡ್ಡದು ಮಾಡಿ ಸಿಗ್ನಲ್ಲಿನ ಬೋರ್ಡಿಗೆ ಏರಿಸಿದ ಕಣ್ಣು, ಈಗ ಮರದ ಎಲೆಗಳ ನಡುವಿನಿಂದ ಒಂದೇ ಒಂದು. ಅವಳೂ ನಕ್ಕಳು. ನಗುವುದು ಈ ಕೆಲಸದಲ್ಲಿ ಸಂಬಳದೊಳಗೇ ಸೇರಿದೆ.

ಫೋನು ತೊಡೆಯ ಮೇಲೆ ಬೋರಲಾಗಿ ಮಲಗಿದೆ, ಬೋರಲು ಹಾಕಿದರೆ ಒಳಗಿನ ಪ್ರಶ್ನೆ ಸಾಯುತ್ತದೆಯೇ, ಔಷಧಿ ಹಾಕಿಸ್ಲಾ, ಊಟದ ಹೊತ್ತಿನೊಳಗೆ ಹೇಳು — ಬಾಸಿನ ಸಂದೇಶ, ಬೆಳಿಗ್ಗೆ ಬಂದದ್ದು. ಔಷಧಿ ಎಂಬ ಮಾತು ಮೊದಲು ಕಿವಿಗೆ ಬಿದ್ದಾಗ ಬೋರ್ಡಿಗೆ ಅಡ್ಡ ಬಂದ ಮರಕ್ಕೆ ಹುಳ ಹಿಡಿದಿದೆಯೇನೋ, ಪರವಾಗಿಲ್ಲ, ಜಾಹೀರಾತಿನವರಿಗೂ ಕರುಣೆಯಿದೆ ಎಂದುಕೊಂಡಿದ್ದಳು, ಪೆದ್ದಿ, ಮಾರ್ಕೆಟಿಂಗ್ ಪದವೀಧರೆ, ಕ್ಲಾಸಿಗೆ ಎರಡನೆಯವಳು — ಬುಡದಲ್ಲಿ ಡ್ರಿಲ್ಲಿನಿಂದ ತೂತು, ತೂತಿನೊಳಗೆ ಒಂದು ಬಾಟಲಿ ವಿಷ, ಮೇಲೆ ಒಂದು ಹಿಡಿ ಮಣ್ಣು ಮೆತ್ತಿದರೆ ಆಯಿತು, ಮರ ತಾನಾಗಿ ಒಣಗುತ್ತದೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಯಾರೂ ಕಡಿದಿಲ್ಲ, ಯಾರನ್ನೂ ಕೇಳುವಂತಿಲ್ಲ. ಬೋರ್ಡು ಏರಿಸುವ ಏಣಿಯವನೇ ಅದನ್ನೂ ಮಾಡುತ್ತಾನೆ. ಆದರೆ ಆಫೀಸಿನಲ್ಲೊಂದು ರೂಢಿ, ಬೋರ್ಡು ಮಾರಿದವರೇ ಸರಿ ಎನ್ನಬೇಕು, ಬಾಸು ಎಂದೂ ಮಾಡು ಎನ್ನುವುದಿಲ್ಲ, ಕೇಳುತ್ತಾರೆ ಅಷ್ಟೆ, ತುಂಬ ಮರ್ಯಾದೆಯಿಂದ, ಅಪ್ಪ ಮಗಳನ್ನು ಕೇಳುವ ಹಾಗೆ, ಮತ್ತು ಎಲ್ಲರೂ ಒಂದಲ್ಲ ಒಂದು ದಿನ ಸರಿ ಅಂದಿದ್ದಾರೆ, ಪಕ್ಕದ ಮೇಜಿನ ಅಕ್ಕ ಕೂಡ, ತನ್ನ ಡಬ್ಬಿಯಲ್ಲಿ ಅರ್ಧ ಇವಳಿಗೆ ಹಾಕಿಯೇ ಬಾಯಿಗಿಡುವವಳು — ನಿನ್ನೆ ಡಬ್ಬಿ ತೊಳೆಯುತ್ತಾ ನಲ್ಲಿಯ ಕಡೆ ಮುಖ ಮಾಡಿಯೇ ಹೇಳಿದಳು, ಮೊದಲನೇ ಸಲ ನಿದ್ದೆ ಬರಲ್ಲ ಕಣೇ, ಆಮೇಲೆ ಬರುತ್ತೆ. ಸರಿ ಎಂದರೆ ಕೆಲಸ ಕಾಯಂ, ಈ ವಾರವೇ ಪತ್ರ ಕೈಗೆ. ಇಲ್ಲವೆಂದರೆ ಏನು ಎಂದು ಬಾಸು ಹೇಳಿಲ್ಲ, ಅವರು ಹೇಳದೆ ಬಿಡುವುದನ್ನು ಕೇಳಿಸಿಕೊಳ್ಳುವಷ್ಟು ಕೆಲಸವನ್ನಂತೂ ಇವಳು ಕಲಿತಿದ್ದಾಳೆ.

ತಪ್ಪು ಮರದ್ದಲ್ಲ, ಅದು ತನ್ನ ಪಾಡಿಗೆ ಎಲೆ ಬಿಟ್ಟಿತು, ಬಿಡದೆ ಏನು ಮಾಡೀತು. ಇವಳು ಬೋರ್ಡಿನ ಫೋಟೊ ತೆಗೆದಾಗ ಅದು ಬೋಳಾಗಿತ್ತು, ಕೊಂಬೆಗಳ ಹಿಂದೆ ಬೋರ್ಡು ಇಡೀ ಆಕಾಶ ತನ್ನದೇ ಎಂಬಂತೆ ನಿಂತಿತ್ತು, ಬಸ್ಸಿನವರ ಕಣ್ಣಳತೆಗೆ, ಕಾರಿನವರ ಕಣ್ಣಳತೆಗೆ, ನಡೆಯುವವರ ಕಣ್ಣಳತೆಗೆ ಎಂದು ಮೊಣಕಾಲೂರಿ, ಕಲ್ಲಿನ ಮೇಲೆ ಹತ್ತಿ, ಹಿಂದಿನಿಂದ ಹಾರ್ನ್ ಹಾಕಿಸಿಕೊಂಡು ತೆಗೆದ ಫೋಟೊ, ಜನರನ್ನು ಎಣಿಸಿದ್ದಳು, ವಾಹನಗಳನ್ನು ಎಣಿಸಿದ್ದಳು, ಸಿಗ್ನಲ್ಲು ಕೆಂಪಾಗಿ ಎಷ್ಟು ಹೊತ್ತು ನಿಲ್ಲುತ್ತದೆಂದು ಗಡಿಯಾರ ಹಿಡಿದು ನೋಡಿದ್ದಳು, ಮರಕ್ಕೂ ಒಂದು ಕಾಲವಿದೆ ಎಂಬುದೊಂದು ಬಿಟ್ಟು ಉಳಿದದ್ದೆಲ್ಲ ನೋಡಿದ್ದಳು. ಆ ಫೋಟೊವನ್ನು ಇದೇ ಕೌಂಟರಿನ ಮೇಲೆ ಹರಡಿದಾಗ ಯಜಮಾನರು ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು, ಕನ್ನಡಕ ಮಾರುವವರು ಕನ್ನಡಕ ತೆಗೆದು ನೋಡುತ್ತಾರಲ್ಲ ಎಂದು ಒಳಗೊಳಗೇ ನಗು, ಮಾಡೆಲ್ಲುಗೀಡೆಲ್ಲು ಬೇಡಮ್ಮ, ನಮ್ಮ ಸೊಸೇನೇ ನಿಲ್ಲಿಸ್ತೀನಿ, ಅಂದರು, ಸೊಸೆ ನಾಚಿ ಒಳಗೆ ಓಡಿಹೋದವಳು ಮರುದಿನ ಹುಬ್ಬು ತಿದ್ದಿಸಿಕೊಂಡು ಬಂದಿದ್ದಳು. ಬೋಣಿ. ಇವಳ ಮೊದಲ ಬೋಣಿ. ಆ ದಿನ ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ನಿಂತೇ ಬಂದಿದ್ದಳು, ಕುಳಿತರೆ ಸಂತೋಷ ಮಡಚಿಹೋಗುತ್ತದೆ ಎಂಬಂತೆ.

ಅಮ್ಮ ಚಿಕ್ಕಮ್ಮನನ್ನು ಕಟ್ಟಿಕೊಂಡು ಬೋರ್ಡು ನೋಡಲು ಹೋದದ್ದು ಕಳೆದ ವಾರ, ಹೆತ್ತವರಿಗೆ ಹೆಗ್ಗಣ ಮುದ್ದು, ಎರಡು ಬಸ್ಸು ಬದಲಾಯಿಸಿ ಹೋದರು, ಅಷ್ಟು ಹೊತ್ತಿಗೆ ಎಲೆ ಮುಚ್ಚಿಯಾಗಿತ್ತು, ಯಾರೇ ಅದು ಮರದ ಹಿಂದೆ ನಿಂತು ಇಣುಕ್ತಿರೋದು, ನಮ್ಮ ಪಕ್ಕದ ಮನೆಯವಳಾ, ಎಂದಳಂತೆ ಚಿಕ್ಕಮ್ಮ, ಇಬ್ಬರೂ ನಗುತ್ತಾ ಕೆಳಗಿನ ಬಸ್‌ಸ್ಟಾಪಿನ ಬೆಂಚಿನಲ್ಲಿ ಕುಳಿತುಬಿಟ್ಟರಂತೆ, ಮನೆಗೆ ಬಂದು ಅಮ್ಮ ಹೇಳಿದ್ದು, ಪೂರ್ತಿ ಕಾಣ್ಬೇಕು ಅಂತೇನಿಲ್ಲ ಪುಟ್ಟಿ, ನಿಂದು ಅಂತ ನಂಗೆ ಗೊತ್ತಲ್ಲ, ನೆರಳು ಎಷ್ಟು ಚೆನ್ನಾಗಿತ್ತು ಗೊತ್ತಾ, ಬಸ್ಸು ಬಂದ್ರೂ ಏಳೋಕೆ ಮನಸ್ಸಾಗ್ಲಿಲ್ಲ. ಆಮೇಲೆ ಎರಡು ಸಲ ಒಬ್ಬಳೇ ಹೋಗಿದ್ದಾಳೆ, ಆ ಕಡೆ ಕೆಲಸವಿತ್ತು ಎನ್ನುತ್ತಾಳೆ, ಆ ಕಡೆ ಅಮ್ಮನಿಗೆ ಏನು ಮಣ್ಣಂಗಟ್ಟಿ ಕೆಲಸ. ಮರ ಒಣಗಿದ ಮೇಲೂ ಹೋಗುತ್ತಾಳೆ, ಬಿಸಿಲಿಗೆ ಸೆರಗು ತಲೆಗೆ ಹಾಕಿಕೊಂಡು, ಪೂರ್ತಿ ಮುಖ ನೋಡಿ ಬರುತ್ತಾಳೆ, ಪಾಪ ಆ ಮರಕ್ಕೆ ಏನಾಯ್ತೋ ಎನ್ನುತ್ತಾಳೆ, ಆಗ ಅಮ್ಮನ ಎದುರು ಕುಳಿತು ಊಟ ಮಾಡಬೇಕು — ನಿದ್ದೆ ಬರುತ್ತೆ ಅಂದಳಲ್ಲ ಅಕ್ಕ, ಬರುತ್ತದೆ, ಭಯ ಇರುವುದೇ ಅದಕ್ಕೆ. ಒರೆಸುವ ಬಟ್ಟೆ ಗಾಜಿನ ಮೇಲೆ ಕಿರ್ ಎನ್ನುತ್ತದೆ, ಎಲೆಗಳ ನಡುವೆ ಆ ಕಣ್ಣು, ಬಸ್ಸಿಗೆ ಕಾಯುವವರನ್ನು ನೋಡುತ್ತಾ.

ಬನ್ನಿ, ಎಂದರು ಯಜಮಾನರು ಬಾಗಿಲಲ್ಲಿ ನಿಂತು, ಕಣ್ಣು ಕಿರಿದು ಮಾಡ್ಕೊಂಡು ಗೋಡೆ ಓದ್ತಿದ್ರಿ, ನೋಡಿದೆ, ಮೊದಲು ಅದು, ಬೋರ್ಡಿನ ಮಾತು ಆಮೇಲೆ, ಮತ್ತು ಬೇಡ ಎನ್ನುವಷ್ಟರಲ್ಲಿ ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಭಾರದ ಚೌಕಟ್ಟೊಂದನ್ನು ಇಟ್ಟಾಗಿತ್ತು, ಎಡಗಣ್ಣಿಗೆ ಕಪ್ಪು ಬಿಲ್ಲೆ, ಬಲಗಣ್ಣಿಗೆ ಒಂದು ಗಾಜು, ಈಗ ಹೇಗೆ — ಈಗ ಹೇಗೆ ಎಂದರೆ ಏನು ಹೇಳುವುದು, ಈಗ ಹೇಳದಿದ್ದರೆ ಇನ್ನು ಹೇಳುವುದಿಲ್ಲ ಎಂದು ಗೊತ್ತಾಯಿತು, ಅಷ್ಟೇ — ಸರ್, ನಿಮ್ಮ ಬೋರ್ಡು ಇನ್ಮೇಲೆ ಕಾಣ್ಸಲ್ಲ, ನಾನು ಫೋಟೊ ತೆಗೆದಾಗ ಎಲೆ ಇರ್ಲಿಲ್ಲ, ಬರುತ್ತೆ ಅಂತ ಯೋಚ್ನೆ ಮಾಡ್ಲಿಲ್ಲ, ತಪ್ಪು ನಂದೇ. ಗೊತ್ತು, ಎಂದರು ಅವರು ಗಾಜು ಬದಲಿಸುತ್ತಾ, ದಿನಾ ಅದೇ ದಾರೀಲಿ ಬರ್ತೀನಲ್ಲಮ್ಮ, ನಿಮ್ಮ ಬಾಸು ಫೋನ್ ಮಾಡಿದ್ರು, ಆ ಮರ ಒಣಗ್ತಾ ಇದೆ, ಸ್ವಲ್ಪ ದಿನ ತಡೀರಿ ಅಂದ್ರು. ಒಣಗ್ತಾ ಇಲ್ಲ ಸರ್. ಒಣಗಿಸ್ತಾರೆ. ನಾನು ಸರಿ ಅಂದ್ರೆ. ಅವರ ಬೆರಳು ಚೌಕಟ್ಟಿನ ಮೇಲೆ ನಿಂತಿತು, ಬೆರಳಿಗೆ ಸೋಪಿನ ವಾಸನೆ, ಅಷ್ಟು ಹತ್ತಿರ. ಅಂದ್ರಾ, ಎಂದು ಕೇಳಿದರು. ಇಲ್ಲ ಸರ್, ಅನ್ನೋದೂ ಇಲ್ಲ.

ಅವರು ಪೆಟ್ಟಿಗೆಯಲ್ಲಿ ಗಾಜುಗಳನ್ನು ತಡಕಿದರು, ಬೈಯುತ್ತಾರೇನೋ, ಬೈದರೆ ಒಳ್ಳೆಯದು, ಮೆಚ್ಚಿ ಬೆನ್ನು ತಟ್ಟುತ್ತಾರೇನೋ ಎಂಬ ಆಸೆಯೂ ಇತ್ತು ಒಳಗೆಲ್ಲೋ, ಸುಳ್ಳೇಕೆ — ಅವರು ತಟ್ಟಲಿಲ್ಲ. ಹಾಗಾದ್ರೆ ಬೋರ್ಡು ಇಳಿಸ್ಬಿಡಿ, ಎಂದರು ಸಮಾಧಾನದಿಂದಲೇ, ಮನೆ ಹೆಣ್ಣುಮಗಳ ಮುಖ, ಅರ್ಧಂಬರ್ಧ ಬೇಡ, ಉಳಿದದ್ದು ನಿಮ್ಮ ಆಫೀಸಿನ ಜೊತೆ ನಾನೇ ಮಾತಾಡ್ತೀನಿ. ನ್ಯಾಯವಾದ ಮಾತು, ಅದಕ್ಕೇ ನೋಯಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಬೋಣಿ ಹೋಯಿತು, ಅದರ ಹಿಂದೆಯೇ ಕೆಲಸವೂ ಹೋಗಬಹುದು, ಅಳು ಬರುತ್ತದೆಂದು ಕಾದಳು, ಬರಲಿಲ್ಲ, ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರು ಮಾತ್ರ ಹೊರಗೆ ಹೋಯಿತು. ಒಂದೇ ಕಣ್ಣಿನಲ್ಲಿ ಫೋನು ನೋಡಿ ಬಾಸಿಗೆ ಬೇಡ ಎಂದು ಒತ್ತಿದಳು. ಸ್ವಲ್ಪ ಹೊತ್ತಿಗೆ ಅದು ತೊಡೆಯ ಮೇಲೆ ನಡುಗತೊಡಗಿತು, ನಡುಗಿ ನಡುಗಿ ಸುಮ್ಮನಾಯಿತು. ಕೊನೇ ಸಾಲು ಓದಿ, ಎಂದರು ಯಜಮಾನರು ಹೊಸ ಗಾಜು ಇಡುತ್ತಾ, ಈಗ ಕಾಣ್ಬೇಕು — ನಾಳೆ ಏಣಿಯವನು ಹತ್ತುತ್ತಾನೆ, ಹಗ್ಗ ಬಿಚ್ಚುತ್ತಾನೆ, ಅಮ್ಮ ಎರಡು ಬಸ್ಸು ಬದಲಾಯಿಸಿ ಹೋಗಿ ಆ ಬೆಂಚಿನಲ್ಲಿ ಕುಳಿತು ತಲೆಯೆತ್ತುತ್ತಾಳೆ, ಬರೀ ಎಲೆ, ಮೊದಲೇ ಹೇಳಿಬಿಡಬೇಕು ಅಮ್ಮನಿಗೆ, ಹೇಗೆ ಹೇಳುವುದು, ಓದಿ ಓದಿ, ಅಕ್ಷರಗಳು ನಿಚ್ಚಳವಾಗಿಯೇ ಇವೆ, ಆದರೆ ಎಲೆ, ಎಲೆಗಳ ನಡುವೆ ಕಣ್ಣು, ಇನ್ನೂ ಇಳಿಸದ ಕಣ್ಣು, ಅಮ್ಮನನ್ನೇ ನೋಡುತ್ತಾ, ಒಂದೇ ಒಂದು